ಹುಳುಮನೆಯಲ್ಲಿ ಸೂರ್ಯನ ತೂಕ

ಕೆಲವರು ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದರೂ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ನನಗೆ ನಾಯಿಗಳ ಕಾಟವಿಲ್ಲ, ವಿಚಿತ್ರ ಪ್ರಸಂಗಗಳ ಕಾಟ. ಲೋಯರ್ ಸೆಕೆಂಡರಿಯಲ್ಲಿ ಲೆಕ್ಕದ ಪಿರಿಯಡ್ಡಿನ ಮಧ್ಯೆ ಎದ್ದು ಹೊರಗೆ ಬಂದವನು ಮತ್ತೆ ಒಳಗೆ ಹೋಗಲೇ ಇಲ್ಲ. ಆಮೇಲೆ ನೆಲಮಂಗಲದ ಕಡೆ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡಿಸುತ್ತಿದ್ದ ಬಸ್ಸಿಗೆ ಕ್ಲೀನರಾಗಿದ್ದೆ, ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಲ್ಲಿ ನೂಲು ಸುತ್ತಿದೆ, ಹೊಸಕೋಟೆ ಸುತ್ತಮುತ್ತ ಓಡಾಡುವ ಟೆಂಟು ಸಿನಿಮಾದಲ್ಲಿ ದೀಪ ಉರಿಸಿದೆ. ಎಲ್ಲೂ ಆರು ತಿಂಗಳ ಮೇಲೆ ಕಾಲು ನಿಂತದ್ದಿಲ್ಲ. ನಿಂತದ್ದು ಒಂದೇ ಕಡೆ: ಎರಡನೇ ಮಹಾಯುದ್ಧದ ಕಾಲದಲ್ಲಿ, ದೇವನಹಳ್ಳಿಯಿಂದ ಎರಡು ಮೈಲಿ ಆಚೆಗಿದ್ದ ಹಳ್ಳಿಯ ಒಂದು ಹಳೇ ಹುಳುಮನೆಯಲ್ಲಿ. ಅಲ್ಲಿ ನನ್ನ ಕೆಲಸ ಸೂರ್ಯನನ್ನು ಅಲ್ಲಾಡದ ಹಾಗೆ ಹಿಡಿದುಕೊಂಡಿರುವುದು.

ದೀಪದ ಜೊತೆ ಬಂದವನು

ಟೆಂಟು ಸಿನಿಮಾ ಮುಚ್ಚಿತು. ಸೀಮೆಎಣ್ಣೆ ಸಿಕ್ಕರೆ ರೀಲು ಸಿಗುತ್ತಿರಲಿಲ್ಲ, ರೀಲು ಸಿಕ್ಕರೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಮಾಲೀಕರು ಸಾಮಾನು ಮಾರಲು ಕೂತಿದ್ದಾಗ ಒಬ್ಬ ಮುದುಕರು ಬಂದರು. ಪಂಚೆ, ಕಪ್ಪು ಕೋಟು, ಜೇಬಿನಲ್ಲಿ ಮೂರು ಪೆನ್ಸಿಲ್ಲು. ಬೆಂಗಳೂರಿನ ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಅವರು ಪರದೆ ಕೇಳಲಿಲ್ಲ, ಕುರ್ಚಿ ಕೇಳಲಿಲ್ಲ. ಚಿತ್ರ ತೋರಿಸುವ ಯಂತ್ರದೊಳಗೆ ಇದ್ದಿಲಿನ ಎರಡು ಕಡ್ಡಿಗಳ ನಡುವೆ ಕಣ್ಣು ಕೋರೈಸುವ ಹಾಗೆ ಉರಿಯುವ ದೀಪ ಇರುತ್ತದಲ್ಲ, ಅದೊಂದನ್ನೇ ತಿರುಗಿಸಿ ತಿರುಗಿಸಿ ನೋಡಿದರು.

"ಇದರ ಜೊತೆಗೆ ಏನೇನು ಬರುತ್ತೆ?" ಅಂತ ಕೇಳಿದರು.

ಮಾಲೀಕರು ಬೆರಳು ಮಡಿಸಿ ಹೇಳಿದರು: "ಇಂಜಿನ್ನು, ಡೈನಮೋ, ಐವತ್ತು ಗಜ ತಂತಿ, ಇವನು."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಇದ್ದಿಲು ಕಡ್ಡಿ ತೆಗೆದು ಕಬ್ಬಿಣದ ಕಡ್ಡಿ ಹಾಕಿ ಉರಿಸಬಲ್ಲೆಯೇನಯ್ಯ?"

"ಉರಿಸಬಲ್ಲೆ ಸಾರ್. ಆದರೆ ಚಿತ್ರ ಚೆನ್ನಾಗಿ ಬರಲ್ಲ."

"ನನ್ನ ಚಿತ್ರದಲ್ಲಿ ಬರೀ ಗೆರೆ ಇರೋದು ಕಣಯ್ಯ."

ಆ ಹೊತ್ತಿಗೆ ನಾನು ನೋಡಿದ ಚಿತ್ರಗಳಲ್ಲೂ ಗೆರೆ ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ, ರೀಲು ಅಷ್ಟು ಹಳತು. ಅದರಿಂದ ಸಂಕೋಚವಿಲ್ಲದೆ ಹೊರಟುಬಿಟ್ಟೆ.

ಹತ್ತಿ ಬಂದವರ ಮುಖ

ಮೇಷ್ಟ್ರು ಬಾಡಿಗೆಗೆ ಹಿಡಿದಿದ್ದು ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಉದ್ದಕ್ಕೆ ಒಂದೇ ಕೋಣೆ, ದಪ್ಪ ಮಣ್ಣಿನ ಗೋಡೆ, ಒಳಗೆ ಕತ್ತಲು, ತಂಪು. ಯುದ್ಧದ ಪ್ಯಾರಾಚೂಟಿಗೆಂದು ರೇಷ್ಮೆಗೆ ಗಿರಾಕಿ ಜಾಸ್ತಿಯಾಗಿ ಮನೆಯೊಡತಿ ಅಜ್ಜಿ ದೊಡ್ಡದೊಂದು ಹೊಸ ಹುಳುಮನೆ ಕಟ್ಟಿಸಿದ್ದರು, ಇದು ಖಾಲಿ ಬಿದ್ದಿತ್ತು. ಬೆಂಗಳೂರಿನಲ್ಲಾದರೆ ಮಿಲಿಟರಿ ಲಾರಿ ಓಡಾಡಿ ನೆಲ ನಡುಗುತ್ತದೆ, ಇಲ್ಲಿ ನಡುಗಿಸುವುದಕ್ಕೆ ಎತ್ತಿನ ಗಾಡಿ ಬಿಟ್ಟರೆ ಏನಿದೆ, ಅದಕ್ಕೇ ಇಲ್ಲಿಗೆ ಬಂದೆ ಅಂದರು ಮೇಷ್ಟ್ರು.

ಹುಳುಮನೆಗೆ ಬಂದವರು ಏನನ್ನಾದರೂ ಸಾಕಲೇಬೇಕು ಅಂತ ಅಜ್ಜಿಯ ತೀರ್ಮಾನ. ಮೂರನೇ ದಿನ ಬಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹತ್ತಿರದಲ್ಲಿ ಇಂಗಿನ ಒಗ್ಗರಣೆ ಹಾಕಬಾರದು ಅಂತ ನನಗೆ ತಾಕೀತು ಮಾಡಿ, "ಯಾವ ಜಾತಿ ಹುಳ ಮೇಷ್ಟ್ರೇ?" ಅಂದರು.

"ಹುಳ ಅಲ್ಲಮ್ಮ. ಬೆಳಕು."

"ಎಷ್ಟನೇ ಜ್ವರ?" ರೇಷ್ಮೆ ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಅನ್ನುತ್ತಾರೆ.

ಮೇಷ್ಟ್ರು ಮೂವತ್ತು ವರ್ಷ ಪಾಠ ಹೇಳಿದವರು, ಬಿಡುತ್ತಾರೆಯೇ. ಜಗಲಿಯ ಮೇಲೆ ಕೂರಿಸಿ ಶುರುಮಾಡಿದರು. ಕಬ್ಬಿಣ ಉರಿಸಿದರೆ ಅದರ ಬೆಳಕನ್ನು ಬಿಡಿಸಿ ನೋಡಿದಾಗ ಗೆರೆಗಳು ಕಾಣುತ್ತವೆ. ಸೂರ್ಯನಲ್ಲೂ ಕಬ್ಬಿಣ ಇದೆ, ಅವನ ಬೆಳಕಿನಲ್ಲೂ ಅವೇ ಗೆರೆಗಳು. ಆದರೆ ಸೂರ್ಯ ಭಾರೀ ತೂಕದವನು, ಎಲ್ಲವನ್ನೂ ತನ್ನ ಕಡೆಗೆ ಎಳೆಯುತ್ತಾನೆ. ಅಲ್ಲಿಂದ ಹೊರಡುವ ಬೆಳಕು ಆಳದ ಬಾವಿಯಿಂದ ಮೆಟ್ಟಿಲು ಹತ್ತಿ ಬರುವ ಹಾಗೆ ಹತ್ತಿ ಬರಬೇಕು. ಹಾಗೆ ಬರುವಾಗ ಶಕ್ತಿ ಕಳೆದುಕೊಂಡು ಅದರ ಗೆರೆ ಕೆಂಪು ಬಣ್ಣದ ಕಡೆಗೆ ಒಂದು ಚೂರು ಸರಿದಿರುತ್ತದೆ. ಎಷ್ಟು ಚೂರು ಅಂದರೆ ಕೂದಲನ್ನು ಸೀಳಿ, ಆ ಸೀಳನ್ನು ಮತ್ತೆ ಸೀಳಿದಷ್ಟು. ಅದನ್ನು ಅಳೆಯಬೇಕು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ಬಾವಿಯಿಂದ ಹತ್ತಿ ಬಂದೋರ ಮುಖ ಕೆಂಪಾಗದೆ ಇನ್ನೇನಾಗುತ್ತೆ? ನಮ್ಮ ಸೊಸೆ ನೀರು ತರೋವಾಗ ನೋಡಿ."

ಅಜ್ಜಿ ಹೋದ ಮೇಲೆ ಮೇಷ್ಟ್ರು ಪೆನ್ಸಿಲ್ಲನ್ನು ಜೇಬಿಗೆ ಸಿಕ್ಕಿಸಿಕೊಂಡರು. ಆಮೇಲೆ ಅಂದರು: "ಇಷ್ಟು ಸುಲಭ ಅಂತ ಗೊತ್ತಿದ್ದರೆ ಕ್ಲಾಸಿನಲ್ಲಿ ಒಂದು ಟರ್ಮು ಉಳೀತಿತ್ತು ಕಣಯ್ಯ."

ಗಾಳಿ ಆಡಿಸಿದ್ದು

ಮೇಷ್ಟ್ರಿಗೆ ಇದು ಹುಡುಗಾಟವಾಗಿರಲಿಲ್ಲ. ಅವರ ಜೊತೆಗೇ ಪಾಠ ಹೇಳುತ್ತಿದ್ದ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿದ್ದರು. "ಇದೆಲ್ಲ ದೊಡ್ಡ ದೇಶದ ದೊಡ್ಡ ಗೋಪುರದಲ್ಲಿ ಕೂತು ಮಾಡೋ ಕೆಲಸ. ನಮ್ಮ ಕೈಲಿ ಆಗಲ್ಲ ಬಿಡಯ್ಯ" ಅಂತ ಕಾಲೇಜಿನಲ್ಲಿ ಎಲ್ಲರೆದುರು ಅಂದುಬಿಟ್ಟಿದ್ದರಂತೆ. ಆ ಮಾತು ಮೇಷ್ಟ್ರ ಹೊಟ್ಟೆಯಲ್ಲಿ ಜೀರ್ಣವಾಗದೆ ಕೂತಿತ್ತು. ಸಾವಿರಾರು ಗೀರು ಎಳೆದ ಕನ್ನಡಿಯೊಂದನ್ನು ಹೇಗೋ ಸಂಪಾದಿಸಿ, ಬೆಳಕನ್ನು ಬಿಡಿಸುವ ಯಂತ್ರವನ್ನು ತಾವೇ ಜೋಡಿಸಿದ್ದರು. ಕೊರತೆ ಒಂದೇ, ಫೋಟೋ ತೆಗೆಯುವ ಗಾಜಿನ ಪ್ಲೇಟು. ಯುದ್ಧದಿಂದ ಹೊಸ ಪ್ಲೇಟು ಬರುವುದು ನಿಂತಿತ್ತು. ಅವರ ಹತ್ತಿರ ಇದ್ದದ್ದು ಒಂದು ಡಜನ್. ಅದು ಮುಗಿದರೆ ಸ್ನೇಹಿತರ ಮಾತೇ ನಿಜವಾಗುತ್ತಿತ್ತು.

ಮೊದಲನೇ ಪ್ಲೇಟು ಯಂತ್ರದೊಳಗೆ ಹೋಯಿತು. ಕೈಗೆ ಕೈ ಕಾಣದಷ್ಟು ಕತ್ತಲು. ಮೇಷ್ಟ್ರು ಎರಡನೆಯದನ್ನು ಕೈಯಲ್ಲಿ ಹಿಡಿದು ಸಿದ್ಧವಾಗಿದ್ದರು. ಅಷ್ಟರಲ್ಲಿ ಎರಡೂ ಬಾಗಿಲು ಧಡಾರನೆ ತೆರೆದು ಹೊಲದ ಬಿಸಿಲೆಲ್ಲ ಒಳಗೆ ಬಂತು. ಅಜ್ಜಿ. ಹುಳುಮನೆಗೆ ದಿನಕ್ಕೊಮ್ಮೆ ಗಾಳಿ ಆಡಿಸುವುದು ನಲವತ್ತು ವರ್ಷದ ಅಭ್ಯಾಸ, ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಬಿಡಲು ಬರುವುದಿಲ್ಲ.

ಮೇಷ್ಟ್ರು ಎರಡು ಪ್ಲೇಟನ್ನೂ ನೋಡಿದರು. ಬಿಸಿಲು ತಾಗಿ ಎರಡೂ ಕೆಟ್ಟಿದ್ದವು. ಕೋಪ ಮಾಡಿಕೊಳ್ಳುವ ಅಭ್ಯಾಸ ಇಲ್ಲದವರು, "ಅಮ್ಮಾ, ಒಳಗೆ ಬೆಳಕು ಬರಬಾರದು" ಅಂದರು.

ಅಜ್ಜಿಗೆ ಮರುಕವಾಯಿತು. "ಏನು ಮೇಷ್ಟ್ರೇ, ಸಾಕೋದು ಬೆಳಕು, ಅದಕ್ಕೆ ಒಂಚೂರು ಬೆಳಕು ಹಾಕಬಾರದು ಅಂದ್ರೆ ಏನು ತಿಂದು ಬದುಕುತ್ತೆ?"

ಪಟೇಲರ ತಲೆ

ಸೂರ್ಯನ ಬೆಳಕನ್ನು ಗೋಡೆಯ ಕಿಂಡಿಯೊಳಗೆ ಕಳಿಸಲು ಹೊರಗೆ ಅಂಗಳದಲ್ಲಿ ಒಂದು ದೊಡ್ಡ ಕನ್ನಡಿ ಇತ್ತು. ಅದನ್ನು ತಿರುಗಿಸುವ ಗಡಿಯಾರದ ಯಂತ್ರ ದಾರಿಯಲ್ಲೇ ಮುರಿದಿತ್ತು. ಆದ್ದರಿಂದ ಗಡಿಯಾರದ ಕೆಲಸ ನನ್ನದು. ಸೂರ್ಯ ಸರಿದ ಹಾಗೆ ತಿರುಪು ತಿರುಗಿಸುತ್ತಾ ಕೂರಬೇಕು.

ಒಂದು ದಿನ ಪ್ಲೇಟು ತೆಗೆದು ತೊಳೆದರೆ ಚಿತ್ರವೆಲ್ಲ ಮಂಕು. ಮೇಷ್ಟ್ರು ಹೊರಗೆ ಬಂದು ಆಕಾಶ ನೋಡಿದರು.

"ಮೋಡ ಬಂದಿತ್ತೇನಯ್ಯ?"

"ಇಲ್ಲ ಸಾರ್."

"ಮತ್ತೆ ಸೂರ್ಯಂಗೆ ಅಡ್ಡ ಏನಿತ್ತು?"

"ಪಟೇಲರ ತಲೆ ಸಾರ್."

ನಡೆದದ್ದು ಇಷ್ಟು. ಅಷ್ಟು ದೊಡ್ಡ ಕನ್ನಡಿ ಸುತ್ತಿನ ಹಳ್ಳಿಗಳಲ್ಲೇ ಇರಲಿಲ್ಲ. ಊರಿನ ಕ್ಷೌರದವನು ಎರಡು ದಿನ ದೂರದಿಂದ ನೋಡಿದ. ಮೂರನೇ ದಿನ ಕಲ್ಲು ತಂದು ಕನ್ನಡಿಯ ಎದುರಿಗೇ ಹಾಕಿ ಪಟೇಲರನ್ನು ಕೂರಿಸಿಬಿಟ್ಟ. ಪಟೇಲರನ್ನು ಏಳಿ ಅನ್ನುವುದಕ್ಕೆ ನಾನು ಯಾರು? ಬಗ್ಗಿ ಬಗ್ಗಿ ಸಂದಿಯಲ್ಲಿ ಬಂದಷ್ಟು ಬೆಳಕು ಕಳಿಸಿದೆ.

ಮೇಷ್ಟ್ರು ಪಟೇಲರ ಮುಂದೆ ನಿಂತು ಕೈಮುಗಿದು, "ತಾವು ಸೂರ್ಯನಿಗೆ ಅಡ್ಡ ಕೂತಿದ್ದೀರಿ" ಅಂದರು.

ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಪಟೇಲರು ಗಂಭೀರವಾಗಿ ಹೇಳಿದರು: "ಇನ್ನೊಂದು ಕೆನ್ನೆ ಬಾಕಿ ಇದೆ. ಅಲ್ಲೀವರೆಗೂ ಇರೋಕೆ ಹೇಳಿ."

ಒತ್ತುವರಿ

ಕನ್ನಡಿಯ ಮಿಂಚು ದೂರಕ್ಕೆ ಕಾಣುತ್ತಿತ್ತು. ಯಾರೋ ಪೇಟೆಗೆ ಹೋಗಿ ದೂರು ಕೊಟ್ಟರು, ಹುಳುಮನೆಯಿಂದ ಶತ್ರುಗಳ ವಿಮಾನಕ್ಕೆ ಸನ್ನೆ ಮಾಡುತ್ತಿದ್ದಾರೆ ಅಂತ. ದಫೇದಾರರು ಸೈಕಲ್ಲಿನಲ್ಲಿ ಬಂದರು. ಅವರ ಸರ್ವೀಸೆಲ್ಲ ಕಳೆದದ್ದು ಹೊಲದ ಬದು ಜಗಳದಲ್ಲಿ. ಪುಸ್ತಕ ತೆರೆದು ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿದರು.

"ಇಲ್ಲಿ ಏನು ನಡೀತಿದೆ ಸ್ವಾಮಿ?"

"ಸೂರ್ಯನ ಗೆರೆ ಎಷ್ಟು ಸರಿದಿದೆ ಅಂತ ಅಳೀತಾ ಇದೀವಿ."

ದಫೇದಾರರ ಮುಖ ಅರಳಿತು. ಗೊತ್ತಿರುವ ವಿಷಯ. "ಗೆರೆ ಸರಿಸಿದವರು ಯಾರು?"

"ಸೂರ್ಯನೇ."

"ಯಾವ ದಿಕ್ಕಿಗೆ?"

"ಕೆಂಪಿನ ದಿಕ್ಕಿಗೆ."

"ಮೊದಲು ಎಲ್ಲಿತ್ತು ಅನ್ನೋದಕ್ಕೆ ಗುರುತು?"

"ನಮ್ಮ ಕಬ್ಬಿಣದ ಗೆರೆ ಇದೆ. ಅದೇ ಮೂಲ."

"ಅಳತೆ ಆಗೋವಾಗ ಪಂಚರು ಯಾರಿದ್ರು?"

ಮೇಷ್ಟ್ರು ನನ್ನನ್ನು ತೋರಿಸಿದರು. ದಫೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬರೆಯದೆ ಮುಂದಕ್ಕೆ ಹೋದರು. "ಸರಿ, ಆ ಪೆಟ್ಟಿಗೇಲಿ ಏನು?"

"ಅದನ್ನ ತೆಗೆಯೋ ಹಾಗಿಲ್ಲ" ಅಂದರು ಮೇಷ್ಟ್ರು. ಪೊಲೀಸಿನವರ ಹತ್ತಿರ ಆಡಬಾರದ ಮಾತು ಅದೊಂದೇ. ಒಂಬತ್ತು ಪ್ಲೇಟು ಎರಡು ಕಟ್ಟಾಗಿ ಕಪ್ಪು ಕಾಗದದಲ್ಲಿದ್ದವು. ದಫೇದಾರರು ಐದರ ಕಟ್ಟನ್ನು ಬಿಚ್ಚಿ, ಒಂದೊಂದನ್ನೇ ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. "ಇದರಲ್ಲಿ ಏನೂ ಇಲ್ವಲ್ಲ."

"ಇನ್ನು ಬರೋದೂ ಇಲ್ಲ" ಅಂದರು ಮೇಷ್ಟ್ರು, ಕೂತಲ್ಲಿಂದಲೇ.

ಆ ದನಿ ಕೇಳಿ ದಫೇದಾರರಿಗೆ ಏನೋ ಅನ್ನಿಸಿರಬೇಕು. ಪುಸ್ತಕ ಮಡಿಚುತ್ತಾ ಮೆತ್ತಗೆ ಕೇಳಿದರು: "ಒಟ್ಟು ಎಷ್ಟು ಸರಿದಿದೆ ಅಂತೀರಿ?"

"ಕೂದಲ ಸೀಳಿನ ಸೀಳಿನಷ್ಟು."

"ಸ್ವಾಮಿ, ತಿಳಿದವರು ನೀವು. ಅಷ್ಟಕ್ಕೆಲ್ಲ ಕೇಸು ನಿಲ್ಲಲ್ಲ. ರಾಜಿ ಮಾಡ್ಕೊಂಡ್ಬಿಡಿ."

ನಾಲ್ಕು ಪಟ್ಟು

ಉಳಿದದ್ದು ನಾಲ್ಕು ಪ್ಲೇಟು. ಮೇಷ್ಟ್ರು ಊಟ ಕಡಿಮೆ ಮಾಡಿದರು. ನಾನು ಕ್ಷೌರದವನ ಕಲ್ಲನ್ನು ಹೊತ್ತು ದೂರ ಹಾಕಿದೆ, ಅಜ್ಜಿಗೆ ಗಾಳಿ ಆಡಿಸುವ ಹೊತ್ತು ಗೊತ್ತುಮಾಡಿ ಕೊಟ್ಟೆವು. ಈ ಸಲ ಚಿತ್ರ ಸ್ಫಟಿಕದ ಹಾಗೆ ಬಂತು. ಮೇಷ್ಟ್ರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಅಳೆದರು. ಗೆರೆ ಸರಿದಿತ್ತು. ಬರೀ ಸರಿದಿದ್ದಲ್ಲ, ಪುಸ್ತಕದ ಲೆಕ್ಕಕ್ಕಿಂತ ನಾಲ್ಕು ಪಟ್ಟು ಸರಿದಿತ್ತು. ಲೋಕದ ವಿಜ್ಞಾನವನ್ನೇ ತಿದ್ದಬೇಕಾದ ಸಂಗತಿ. ಆವತ್ತೇ ಸ್ನೇಹಿತರಿಗೆ ಕಾಗದ ಬರೆದು ನನ್ನ ಕೈಯಲ್ಲಿ ಟಪಾಲಿಗೆ ಹಾಕಿಸಿದರು. ನನಗೆ ಅಜ್ಜಿಯ ಮನೆಯಿಂದ ಒಬ್ಬಟ್ಟು ಬಂತು.

ಮಾರನೇ ದಿನ ಇನ್ನೊಂದು ಪ್ಲೇಟು ತೆಗೆದರೆ ಗೆರೆ ನೀಲಿಯ ಕಡೆಗೆ ಸರಿದಿತ್ತು.

ಮೇಷ್ಟ್ರು ನನ್ನನ್ನು ಕರೆದು ಕೂರಿಸಿಕೊಂಡರು. "ಸೂರ್ಯನ ನಡು ಭಾಗವನ್ನ ಕಿಂಡಿಗೆ ಬಿಡು ಅಂದಿದ್ದೆ. ನೀನು ಯಾವ ಭಾಗ ಬಿಟ್ಟೆ?"

"ಅಂಚು ಸಾರ್."

"ಯಾಕಯ್ಯ?"

"ಟೆಂಟಿನಲ್ಲಿ ಚಿತ್ರದ ಅಂಚನ್ನ ಪರದೆ ಅಂಚಿಗೆ ಕೂರಿಸಬೇಕು ಸಾರ್. ಇಲ್ಲದಿದ್ರೆ ಜನ ಶಿಳ್ಳೆ ಹಾಕ್ತಾರೆ. ನಿನ್ನೆ ಒಂದು ಅಂಚು ಕೂರಿಸಿದೆ, ಇವತ್ತು ಇನ್ನೊಂದು."

ಸೂರ್ಯ ಬುಗುರಿಯ ಹಾಗೆ ತಿರುಗುತ್ತಾನಂತೆ. ಒಂದು ಅಂಚು ನಮ್ಮಿಂದ ಆಚೆಗೆ ಓಡುತ್ತದೆ, ಅದರ ಗೆರೆ ಕೆಂಪಿಗೆ ಸರಿಯುತ್ತದೆ. ಇನ್ನೊಂದು ಅಂಚು ನಮ್ಮ ಕಡೆ ಬರುತ್ತದೆ, ಅದರದ್ದು ನೀಲಿಗೆ. "ಬಸ್ಸು ಎದುರಿಗೆ ಬರುವಾಗ ಹಾರನ್ನು ಒಂದು ಥರ, ದಾಟಿ ಹೋದಮೇಲೆ ಇನ್ನೊಂದು ಥರ ಕೇಳಲ್ವೇನಯ್ಯ?" ಅಂದರು. ನಮ್ಮ ಇದ್ದಿಲು ಬಸ್ಸಿನ ವೇಗಕ್ಕೆ ಅಂಥದ್ದೇನೂ ಯಾರಿಗೂ ಕೇಳಿಸಿದ್ದಿಲ್ಲ, ಆದರೂ ತಲೆಯಾಡಿಸಿದೆ. ಎರಡೂ ಅಂಚನ್ನು ಒಂದೇ ಸಮನಾಗಿ ತೆಗೆದು ಸರಾಸರಿ ಮಾಡಿದರೆ ತಿರುಗುವುದರ ಪಾಲು ಕಳೆದುಹೋಗಿ ತೂಕದ ಪಾಲು ಮಾತ್ರ ಉಳಿಯುತ್ತದಂತೆ. ಆದರೆ ಆ ಎರಡು ಪ್ಲೇಟಿಗೂ ಅಂಚಿನಿಂದ ಎಷ್ಟು ಒಳಗಿಟ್ಟಿದ್ದೆ ಅಂತ ನನಗೇ ನೆನಪಿರಲಿಲ್ಲ. ಇನ್ನೆರಡು ಪ್ಲೇಟು ಉಳಿದಿದ್ದವು.

ಮೊದಲು ಕಾಗದ ತಡೆಯಬೇಕಿತ್ತು. "ಸರಿದದ್ದು ಸಿಕ್ಕಲಿಲ್ಲ" ಅಂತ ಇನ್ನೊಂದು ಬರೆದುಕೊಟ್ಟರು. ಸೈಕಲ್ ತುಳಿದುಕೊಂಡು ಓಡಿದೆ. ಪುಣ್ಯಕ್ಕೆ ಟಪಾಲು ಚೀಲ ಹೊತ್ತ ಬಸ್ಸು ಹಸಿ ಇದ್ದಿಲಿನಿಂದ ಕೆಟ್ಟು ಹಿಂದಿನ ದಿನದಿಂದ ಕೆರೆ ಏರಿಯ ಮೇಲೇ ನಿಂತಿತ್ತು. ಡ್ರೈವರು ನನ್ನ ಹಳೇ ಗೆಳೆಯ.

"ಲೇ, ಚೀಲಕ್ಕೆ ಅರಗು ಹಾಕೈತೆ, ಬಿಚ್ಚಿದ್ರೆ ನನ್ನ ಕೆಲಸ ಹೋಯ್ತದೆ. ಬೇಕಾದ್ರೆ ಇದನ್ನೂ ಜೊತೇಲಿ ತಗೊಂಡೋಗಿ ಕೊಡ್ತೀನಿ ಕಣೋ" ಅಂದ.

ವಾರ ಕಳೆದು ಸ್ನೇಹಿತರ ಉತ್ತರ ಬಂತು. "ನಿನ್ನ ಎರಡು ಕಾಗದವೂ ಒಂದೇ ದಿನ ತಲುಪಿದವು. ಒಂದರಲ್ಲಿ ಸಿಕ್ಕಿತು ಎಂದಿದೆ, ಇನ್ನೊಂದರಲ್ಲಿ ಸಿಕ್ಕಲಿಲ್ಲ ಎಂದಿದೆ. ಯಾವುದಕ್ಕೂ ತಾರೀಖು ಹಾಕಿಲ್ಲ. ನಿನ್ನ ತಲೆ ನೆಟ್ಟಗಿದೆಯೇ ಎಂದು ನೋಡಲು ನಾನೇ ಬರುತ್ತಿದ್ದೇನೆ."

ಆಚಾರ್ರ ಕಣ್ಣು

ಸ್ನೇಹಿತರು ಜಟಕಾದಲ್ಲಿ ಬಂದಿಳಿದರು. ತೆಳ್ಳಗೆ, ಉದ್ದಕ್ಕೆ, ಏನು ಹೇಳಿದರೂ "ಅದು ಹೇಗೆ?" ಅನ್ನುವ ಜಾತಿ. ಅವರೆದುರಿಗೇ ಕೊನೆಯ ಎರಡು ಪ್ಲೇಟು ತೆಗೆದೆವು, ಒಂದೊಂದು ಅಂಚಿಗೆ ಒಂದೊಂದು. ಅಜ್ಜಿ ಪೊರಕೆ ಹಿಡಿದು ಬಾಗಿಲು ಕಾದರು. ನಾನು ತಿರುಪಿನ ಮೇಲೆ ಕೈಯಿಟ್ಟವನು ನೊಣ ಮೂಗಿನ ಮೇಲೆ ಕೂತರೂ ಓಡಿಸಲಿಲ್ಲ. ಎರಡೂ ಪ್ಲೇಟು ಚೊಕ್ಕವಾಗಿ ಬಂದವು.

ಕಷ್ಟ ಶುರುವಾದದ್ದು ಆಮೇಲೆ. ಎರಡೂ ಪ್ಲೇಟು ಅಳೆದು ಸರಾಸರಿ ಮಾಡಿದಾಗ ಮೇಷ್ಟ್ರಿಗೆ ಸೂಕ್ಷ್ಮದರ್ಶಕದ ಅಳತೆಪಟ್ಟಿಯಲ್ಲಿ ಹನ್ನೆರಡು ಮನೆ ಬಂತು. ಸ್ನೇಹಿತರು ಅಳೆದರೆ ನಾಲ್ಕು. "ನಾಲ್ಕು ಅಂದ್ರೆ ಕೈ ನಡುಗಿದ್ರೂ ಬರುತ್ತೆ, ಅದಕ್ಕೆ ಅರ್ಥ ಇಲ್ಲ" ಅಂದರು ಸ್ನೇಹಿತರು. "ನಿನಗೆ ಕಾಣಬಾರದು ಅಂತಿದೆ, ಅದಕ್ಕೆ ಕಾಣ್ತಿಲ್ಲ" ಅಂದರು ಮೇಷ್ಟ್ರು. "ನಿನಗೆ ಕಾಣಲೇಬೇಕು ಅಂತಿದೆ, ಅದಕ್ಕೆ ಹೆಚ್ಚಾಗಿ ಕಾಣ್ತಿದೆ" ಅಂದರು ಅವರು. ಮೂರು ದಿನ ಅಳೆದರು, ಮೂರು ದಿನ ಜಗಳವಾಡಿದರು. ಊರಿನವರಿಗೆ ತಿಳಿಯಬಾರದು ಅಂತ ಮರ್ಯಾದೆಗೆ ಇಂಗ್ಲಿಷಿನಲ್ಲೇ ಆಡಿದರು. ಪುಸ್ತಕದ ಲೆಕ್ಕದ ಪ್ರಕಾರ ಎಷ್ಟಿರಬೇಕು ಅನ್ನುವುದು ಚೀಟಿಯಲ್ಲಿ ಬರೆದು ಮೇಷ್ಟ್ರ ಕೋಟಿನ ಜೇಬಿನಲ್ಲಿತ್ತು. ಅದು ಅವರೊಬ್ಬರಿಗೇ ಗೊತ್ತು.

ನಾಲ್ಕನೇ ದಿನ ಸ್ನೇಹಿತರೇ ಒಂದು ದಾರಿ ಹೇಳಿದರು. ಇದು ಏನು ಎತ್ತ ಅಂತ ತಿಳಿಯದ, ಆದರೆ ಕಣ್ಣು ಚುರುಕಾಗಿರುವ ಮೂರನೆಯವರೊಬ್ಬರು ಅಳೆಯಲಿ. ಅವರು ಹೇಳಿದ್ದನ್ನು ಇಬ್ಬರೂ ಒಪ್ಪಬೇಕು. ಮೇಷ್ಟ್ರು ಒಪ್ಪಿದರು.

ಪಕ್ಕದ ಹಳ್ಳಿಯಲ್ಲಿ ಒಬ್ಬ ಅಕ್ಕಸಾಲಿ ಆಚಾರ್ರಿದ್ದರು. ಸಾಸಿವೆ ಗಾತ್ರದ ಚಿನ್ನದ ಗುಂಡಿಗೆ ಹೂವು ಕೆತ್ತಿದವರು ಅಂತ ಹೆಸರು. ಕರೆತಂದೆ. ಹೊಸಿಲ ಹತ್ತಿರ ಇಬ್ಬರು ಮುದುಕರೂ ಕೈ ಬೆರಳು ಆಡಿಸಿಕೊಂಡು ಇನ್ನೂ ವಾದಿಸುತ್ತಲೇ ಇದ್ದರು. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎಷ್ಟು ಮನೆ ಅಂತ ಎಣಿಸುವುದು, ಎರಡು ಪ್ಲೇಟಿನದನ್ನೂ ಹೇಗೆ ಸರಾಸರಿ ಮಾಡುವುದು ಅಂತ ಆಚಾರ್ರಿಗೆ ತಿಳಿಸಿಕೊಟ್ಟೆವು. ಅವರು ಎಲ್ಲಕ್ಕೂ "ಹೂಂ" ಅಂದು, "ಎಲ್ಲರೂ ಹೊರಗಿರಿ. ಕುಸುರಿ ಕೆಲಸಕ್ಕೆ ಕೂತಾಗ ಎದುರಿಗೆ ಯಾರೂ ನಿಲ್ಲಬಾರದು" ಅಂತ ಬಾಗಿಲು ಹಾಕಿಕೊಂಡರು.

ಒಂದು ಗಂಟೆ ಆಯಿತು. ಮೇಷ್ಟ್ರು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಸ್ನೇಹಿತರು ಗಳಿಗೆಗೊಮ್ಮೆ ಗಡಿಯಾರ ನೋಡಿಕೊಂಡರು. ಬಾಗಿಲು ತೆರೆಯಿತು. ಆಚಾರ್ರು ಕಣ್ಣುಜ್ಜಿಕೊಳ್ಳುತ್ತಾ ಬಂದು ಹೇಳಿದರು:

"ಎಂಟು."

ಮೇಷ್ಟ್ರು ಜೇಬಿನ ಚೀಟಿ ತೆಗೆದು ಸ್ನೇಹಿತರ ಕೈಗೆ ಕೊಟ್ಟರು. ಅವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಎಂಟು. ಆಮೇಲೆ ಆ ಉದ್ದನೆಯ ಮನುಷ್ಯ ಬಗ್ಗಿ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, "ನಾನು ಅಂದಿದ್ದು ತಪ್ಪಾಯ್ತು ಕಣಯ್ಯ, ನಮ್ಮ ಕೈಲೂ ಆಗುತ್ತೆ" ಅಂದರು. ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು.

ಸಂಜೆ ಆಚಾರ್ರನ್ನು ಅವರ ಊರಿಗೆ ಬಿಡಲು ಜೊತೆಗೆ ಹೊರಟೆ. ಹಿಪ್ಪುನೇರಳೆ ತೋಟ ದಾಟುವವರೆಗೂ ತಡೆದುಕೊಂಡಿದ್ದವನು ಕೇಳಿಯೇಬಿಟ್ಟೆ: "ಆಚಾರ್ರೇ, ಅಷ್ಟು ಓದಿದವರು ಮೂರು ದಿನ ನೋಡಿದ್ರೂ ಸಿಗದೇ ಇದ್ದದ್ದು ನಿಮಗೆ ಒಂದು ಗಂಟೇಲಿ ಹೆಂಗೆ ಸಿಕ್ತು?"

ಆಚಾರ್ರು ಎಲೆಯಡಿಕೆ ಉಗಿದು ಆ ಕಡೆ ಈ ಕಡೆ ನೋಡಿದರು. "ಯಾರಿಗೂ ಹೇಳ್ಬೇಡ. ಆ ಕೊಳವೇಲಿ ಕಣ್ಣಿಟ್ರೆ ನನಗೆ ಕಂಡಿದ್ದು ನನ್ನ ರೆಪ್ಪೆ ಕೂದಲೊಂದೇ. ಒಳಗೆ ತಂಪಾಗಿತ್ತು, ಒಂದು ಜೋಂಪು ತೆಗೆದೆ."

"ಮತ್ತೆ ಎಂಟು?"

"ಬಾಗಿಲಲ್ಲಿ ಇಬ್ಬರೂ ಕಿತ್ತಾಡ್ತಾ ಬೆರಳು ತೋರಿಸ್ತಿರಲಿಲ್ವಾ? ಆ ಉದ್ದನೆಯವರು ನಾಲ್ಕು ಬೆರಳು. ನಿಮ್ಮ ಮೇಷ್ಟ್ರು ಎರಡೂ ಕೈ ಎತ್ತಿ, ಆಮೇಲೆ ಇನ್ನೆರಡು ಬೆರಳು. ನಮ್ಮೂರ ಪಂಚಾಯ್ತೀಲಿ ಮೂವತ್ತು ವರ್ಷದಿಂದ ಕೂತಿದೀನಪ್ಪ. ಇಬ್ಬರೂ ವಯಸ್ಸಾದೋರು, ಯಾರ ಮನಸ್ಸೂ ನೋಯಬಾರದು. ಮಧ್ಯಕ್ಕೆ ಮುರಿದುಬಿಟ್ಟೆ."

ನಾನು ದಾರಿಯಲ್ಲೇ ನಿಂತುಬಿಟ್ಟೆ. ನಾನು ನಿಂತದ್ದು ನೋಡಿ ಆಚಾರ್ರೂ ನಿಂತರು. ತಲೆಯೆತ್ತಿ ಮುಳುಗುತ್ತಿದ್ದ ಸೂರ್ಯನನ್ನು ಒಂದು ಸಲ ನೋಡಿ, ಸ್ವಲ್ಪ ಅಳುಕಿನಿಂದಲೇ ಕೇಳಿದರು:

"ಯಾಕಪ್ಪಾ, ಅವನಿಗೇನಾದ್ರೂ ಅನ್ಯಾಯ ಆಯ್ತಾ?"